ಮಚ್ಚೆಯೋ, ಕುಷ್ಠವೋ? ಮೊಬೈಲ್ ಹಿಡಿದ ಯೌವನಸ್ಥರಿಗೆ ಯಾಜಕಕಾಂಡದ ಮಾತು

ರಾಯಚೂರಿನವರಿಗೂ, ದೇವದುರ್ಗ ಮತ್ತು ಮಾನ್ವಿ ಗೃಹಸಭೆಗಳಿಂದ ಈ ಬಿಸಿಲಿನಲ್ಲಿ ಬಸ್ಸು ಹಿಡಿದು ಬಂದ ಯೌವನಸ್ಥರಿಗೂ, ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಪಿಜಿ ರೂಮಿನಲ್ಲಿ ಕೂತು ಇದನ್ನು ಓದುವವರಿಗೂ ಶಾಂತಿ ಇರಲಿ. ಸತ್ಯವೇದ ತೆಗೀರಿ. ಮೊಬೈಲಿನಲ್ಲಿ ಸತ್ಯವೇದ ಇಟ್ಟುಕೊಂಡವರು ಮೊಬೈಲೇ ತೆಗೀರಿ, ಇವತ್ತು ಅದಕ್ಕೆ ಯಾರೂ ಬೈಯಲ್ಲ. ಯಾಜಕಕಾಂಡ 13ನೇ ಅಧ್ಯಾಯ.

ನಗಬ್ಯಾಡ್ರಿ. ನನಗೆ ಗೊತ್ತದ, ಒಂದು ವರ್ಷದಲ್ಲಿ ಇಡೀ ಸತ್ಯವೇದ ಓದ್ತೀನಿ ಅಂತ ಜನವರಿಯಲ್ಲಿ ಶುರು ಮಾಡಿದವರೆಲ್ಲ ಕುಸಿದು ಬೀಳೋದು ಇಲ್ಲೇ. ಆದಿಕಾಂಡ ಸಲೀಸಾಗಿ ಹೋಗ್ತದೆ, ವಿಮೋಚನಕಾಂಡ ಅರ್ಧ ಹೋಗ್ತದೆ, ಈ ಚರ್ಮದ ಗುಳ್ಳೆ, ಮಚ್ಚೆ, ಬಿಳಿ ಕೂದಲು ಬಂದ ಕೂಡಲೇ ಪ್ಲ್ಯಾನ್ ನಿಂತು ಹೋಗ್ತದೆ. ಆದರೂ ಇವತ್ತು ಇದೇ ಅಧ್ಯಾಯ ನಮಗೆ ಬೇಕು.

ಕಾರಣ ಹೇಳ್ತೀನಿ. ಹೋದ ತಿಂಗಳ ಉಪವಾಸ ಪ್ರಾರ್ಥನೆಯಲ್ಲಿ ಡಬ್ಬಿಗೆ ಬಿದ್ದ ಚೀಟಿಗಳಲ್ಲಿ ನಾಲ್ಕರಲ್ಲಿ ಒಂದೇ ವಿಷಯ ಇತ್ತು: ಮೊಬೈಲ್ ಅಡಿಕ್ಷನ್‌ನಿಂದ ಬಿಡುಗಡೆ. ನಾಲ್ಕೂ ಮನೆಗೆ ಹೋಗಿ ಕೂತು ಮಾತಾಡಿದೆ. ಅವರ ಒಪ್ಪಿಗೆ ತಗೊಂಡೇ ಇಲ್ಲಿ ಹೇಳ್ತಿದ್ದೀನಿ, ಗುರುತು ಸಿಗದಂಗ ಒಂದೆರಡು ವಿವರ ಬದಲಿಸಿದ್ದೀನಿ. ಯಾರು ಅಂತ ಹುಡುಕಾಕ ಹೋಗಬ್ಯಾಡ್ರಿ.

ಮೊದಲನೇ ಚೀಟಿ ಒಬ್ಬ ತಂದೆ ಬರೆದದ್ದು. ದೇವದುರ್ಗದ ಕಡೆ ಹತ್ತಿ ಬೆಳೆಯೋ ಮನುಷ್ಯ. ಮಗಳು ರಾಯಚೂರಿನಲ್ಲಿ ಬಾಡಿಗೆ ರೂಮು ಮಾಡಿಕೊಂಡು ಪಿಎಸ್‌ಐ, ಎಸ್‌ಡಿಎ ಪರೀಕ್ಷೆಗೆ ಓದ್ತಾಳೆ. "ನಮ್ಮ ಹುಡುಗಿ ಮೊಬೈಲಿಗೆ ಬಿದ್ದಾಳ್ರಿ ಪಾಸ್ಟರ್, ದಿನಕ್ಕ ಎಂಟು ತಾಸು ಅದರಾಗೇ ಇರ್ತಾಳ" ಅಂದರು. ಹುಡುಗಿಯನ್ನು ಕೇಳಿದರೆ ಅತ್ತಳು. "ಅಣ್ಣ, ಕೋಚಿಂಗ್ ಸೇರಾಕ ರೊಕ್ಕ ಎಲ್ಲದ? ನನ್ನ ಕೋಚಿಂಗ್ ಸೆಂಟರೇ ಈ ಫೋನು." ಆನ್‌ಲೈನ್ ಕ್ಲಾಸು, ಹಳೇ ಪ್ರಶ್ನೆಪತ್ರಿಕೆ, ಪ್ರಚಲಿತ ಘಟನೆಗಳ ಪಿಡಿಎಫ್, ಎಲ್ಲ ಅದರಲ್ಲೇ.

ಎರಡನೆಯದು ಒಬ್ಬ ಅಜ್ಜಿಯದು, ಬೇರೆಯವರ ಕೈಯಲ್ಲಿ ಬರೆಸಿದ್ದು. ಹತ್ತನೇ ತರಗತಿ ಹುಡುಗ. ತಂದೆ ತಾಯಿ ಗುಳೆ ಹೋಗಿದ್ದಾರೆ, ಬೆಂಗಳೂರಿನಲ್ಲಿ ಕಟ್ಟಡದ ಕೆಲಸ. ಹುಡುಗ ರಾತ್ರಿ ಎರಡರ ತನಕ ಬಂದೂಕಿನ ಆಟ ಆಡ್ತಾನೆ, ಬೆಳಿಗ್ಗೆ ಶಾಲೆಗೆ ಏಳಲ್ಲ.

ಮೂರನೆಯದು ರಾಯಚೂರು ನಗರದ ಒಬ್ಬ ಸಹೋದರಿಯ ಬಗ್ಗೆ ಆಕೆಯ ಗಂಡ ಬರೆದದ್ದು. ಮನೆಗೆಲಸ ಮುಗಿದರೆ ರೀಲ್ಸು, ನಡುರಾತ್ರಿ ಎಚ್ಚರಾದರೆ ರೀಲ್ಸು.

ನಾಲ್ಕನೆಯದು ಮಾನ್ವಿಯ ಒಬ್ಬ ತಮ್ಮ ತಾನೇ ಬರೆದದ್ದು. ಆರಾಧನೆಯಲ್ಲಿ ಕೀಬೋರ್ಡ್ ನುಡಿಸ್ತಾನೆ. ಅವನ ಕೈಯಲ್ಲಿ ಫೋನು ಇರೋದು ದಿನಕ್ಕೆ ಅರ್ಧ ತಾಸೂ ಇಲ್ಲ ಅಂತ ಎಲ್ಲರೂ ಹೇಳ್ತಾರೆ. ಅವನ ಚೀಟಿ ನೋಡಿ ನಮ್ಮ ಪ್ರಾರ್ಥನಾ ತಂಡದವರೇ ನಕ್ಕರು, ಇವನಿಗೇನಪ್ಪ ಅಡಿಕ್ಷನ್ ಅಂತ.

ಈಗ ವಾಕ್ಯಕ್ಕೆ ಬರೋಣ. ಯಾಜಕಕಾಂಡ 13ರಲ್ಲಿ ಒಬ್ಬನ ಮೈಮೇಲೆ ಮಚ್ಚೆ ಕಾಣಿಸಿದೆ. ಅವನನ್ನು ಯಾಜಕನ ಹತ್ತಿರ ಕರೆತರ್ತಾರೆ. ಯಾಜಕ ಮೊದಲು ಮಾಡೋದು ಏನು? ಪ್ರಾರ್ಥನೆಯೂ ಅಲ್ಲ, ಗದರಿಕೆಯೂ ಅಲ್ಲ. ನೋಡ್ತಾನೆ. ಚರ್ಮಕ್ಕಿಂತ ಆಳಕ್ಕೆ ಇಳಿದಿದೆಯಾ? ಅಲ್ಲಿನ ಕೂದಲು ಬಿಳಿಯಾಗಿದೆಯಾ? ಅನುಮಾನ ಇದ್ದರೆ ತೀರ್ಪು ಕೊಡೋದೇ ಇಲ್ಲ. ಏಳು ದಿನ ಪ್ರತ್ಯೇಕ ಇಟ್ಟು ಮತ್ತೆ ನೋಡ್ತಾನೆ. ಹರಡಿಲ್ಲವಾ, ಇನ್ನೂ ಏಳು ದಿನ. ಆಮೇಲೂ ಹರಡದೆ ಬಣ್ಣ ಮಂಕಾಗಿದ್ದರೆ ಅವನು ಶುದ್ಧ, ಬಟ್ಟೆ ಒಗೆದುಕೊಂಡು ಮನೆಗೆ ಹೋಗಬಹುದು. ಹರಡಿದ್ದರೆ ಆಗ ಹೆಸರು ಹೇಳ್ತಾನೆ. ಆ ಹೆಸರು ಸಣ್ಣದಲ್ಲ ಪ್ರಿಯರೇ. 46ನೇ ವಚನ ನೋಡ್ರಿ, ಆ ಹೆಸರು ಬಿದ್ದವನು ಪಾಳೆಯದ ಹೊರಗೆ ಒಬ್ಬನೇ ಇರಬೇಕು. ಅಷ್ಟು ಭಾರದ ಹೆಸರು ಆದ್ದರಿಂದಲೇ ದೇವರು ಅಷ್ಟು ನಿಧಾನ ಕಲಿಸಿದ. ನಾವು ಎರಡು ನಿಮಿಷದಲ್ಲಿ "ಅವನು ಅಡಿಕ್ಟ್" ಅಂದುಬಿಡ್ತೀವಿ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಸತ್ಯವೇದದಲ್ಲಿ ಕುಷ್ಠ ಅಂತ ನಾವು ಓದೋ ಪದ ಇವತ್ತಿನ ಕುಷ್ಠರೋಗ ಒಂದೇ ಅಲ್ಲ. ಅದೇ ಪದ ಬಟ್ಟೆಗೂ ಬರ್ತದೆ, ಮನೆಯ ಗೋಡೆಗೂ ಬರ್ತದೆ. ಇವತ್ತಿನ ಕುಷ್ಠರೋಗಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧ ಇದೆ, ಪೂರ್ತಿ ವಾಸಿಯಾಗ್ತದೆ. ಆ ರೋಗ ಬಂದವರನ್ನು ಯಾರೂ ದೂರ ಇಡಬ್ಯಾಡ್ರಿ.

ಈ ಅಧ್ಯಾಯದಲ್ಲಿ ನನ್ನನ್ನು ನಿಲ್ಲಿಸಿದ್ದು 12 ಮತ್ತು 13ನೇ ವಚನ. ತಲೆಯಿಂದ ಕಾಲಿನವರೆಗೆ ಇಡೀ ಮೈ ಬೆಳ್ಳಗಾಗಿದೆ, ಒಂದು ಕಡೆಯೂ ಬಿಟ್ಟಿಲ್ಲ. ನಾವಾದರೆ ಏನಂತಿದ್ವಿ? ಮುಗೀತು ಅಂತಿದ್ವಿ. ಯಾಜಕ ಅವನನ್ನು ಶುದ್ಧ ಅಂತ ಹೇಳಬೇಕಂತೆ! ಎಷ್ಟು ಮೈಗೆ ಬಂದಿದೆ ಅನ್ನೋದು ಅಳತೆ ಅಲ್ಲ. ಸಣ್ಣ ಮಚ್ಚೆಯೇ ಆದರೂ ಆಳಕ್ಕೆ ಇಳಿದಿದ್ದರೆ ಅದೇ ಅಪಾಯ.

ಎಂಟು ತಾಸು ಫೋನು ಹಿಡಿಯೋ ಆ ಹುಡುಗಿ ಈಗ ಎಲ್ಲಿ ನಿಂತಳು? ಅರ್ಧ ತಾಸು ಹಿಡಿಯೋ ಮಾನ್ವಿ ತಮ್ಮ ಎಲ್ಲಿ ನಿಂತ?

ವಿಚಿತ್ರ ಅಂದ್ರ, ಡಾಕ್ಟರುಗಳೂ ಬಹಳ ಸುತ್ತಿ ಕೊನೆಗೆ ಇದೇ ಮಾತಿಗೆ ಬಂದರು. 1995ರಲ್ಲಿ ನ್ಯೂಯಾರ್ಕಿನ ಇವಾನ್ ಗೋಲ್ಡ್‌ಬರ್ಗ್ ಅನ್ನೋ ಮನೋವೈದ್ಯರು 'ಇಂಟರ್ನೆಟ್ ಅಡಿಕ್ಷನ್' ಅಂತ ಒಂದು ರೋಗದ ಲಕ್ಷಣಗಳ ಪಟ್ಟಿ ಬರೆದರು. ತಮಾಷೆಗೆ! ಏನು ಕಂಡರೂ ರೋಗ ಅನ್ನೋ ಚಟವನ್ನು ಗೇಲಿ ಮಾಡೋಕೆ ಬರೆದದ್ದು. ಜನ ಮಾತ್ರ ಅದನ್ನು ಓದಿ, ಇದು ನನಗೇ ಇದೆ ಅಂದರು. ಆಮೇಲೆ ಅಮೆರಿಕದ ಕಿಂಬರ್ಲಿ ಯಂಗ್ ಅನ್ನೋ ಮನಶ್ಶಾಸ್ತ್ರಜ್ಞೆ ಇದನ್ನು ಗಂಭೀರವಾಗಿ ತಗೊಂಡು 1998ರಲ್ಲಿ ಎಂಟು ಪ್ರಶ್ನೆಗಳ ಪರೀಕ್ಷೆ ಪ್ರಕಟಿಸಿದರು. ಐದಕ್ಕೆ ಹೌದು ಅಂದರೆ ಅಡಿಕ್ಷನ್. ಆ ಪ್ರಶ್ನೆಗಳಿಗೆ ಆಕೆ ಮಾದರಿ ತಗೊಂಡದ್ದು ಎಲ್ಲಿಂದ ಗೊತ್ತೇನ್ರಿ? ಜೂಜಾಟದ ರೋಗದ ಪಟ್ಟಿಯಿಂದ. ಇದನ್ನು ನೆನಪಿಟ್ಟುಕೊಳ್ಳಿ, ಮಾನ್ವಿಗೆ ಬಂದಾಗ ಬೇಕಾಗ್ತದೆ.

2001ರಲ್ಲಿ ಡೇವಿಸ್ ಅನ್ನೋ ಇನ್ನೊಬ್ಬರು ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ನಿರ್ದಿಷ್ಟವಾದ ಒಂದು ವಿಷಯದ ಹಿಡಿತ. ಜೂಜು, ಅಶ್ಲೀಲ ಚಿತ್ರ, ಹೀಗೆ. ಇಂಟರ್ನೆಟ್ ಇಲ್ಲದಿದ್ದರೂ ಅವರು ಅದನ್ನು ಬೇರೆ ದಾರಿಯಲ್ಲಿ ಹುಡುಕ್ತಿದ್ದರು. ಇನ್ನೊಂದು ಗುಂಪಿನವರಿಗೆ ಗುರಿಯೇ ಇಲ್ಲ, ಸುಮ್ಮನೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಒಂಟಿತನವೇ ಹೆಚ್ಚಾಗಿ ಅದರ ಬೇರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇಂಟರ್ನೆಟ್ ಆಟದ ಸಮಸ್ಯೆಯನ್ನು ಇನ್ನೂ ಅಧ್ಯಯನ ಆಗಬೇಕಾದವುಗಳ ಪಟ್ಟಿಯಲ್ಲಿಟ್ಟಿತು. ಏಳು ದಿನ ಪ್ರತ್ಯೇಕ ಇಟ್ಟು ನೋಡೋ ಯಾಜಕನ ಹಾಗೆ!

ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ. ಅವರ ರೋಗಗಳ ಪಟ್ಟಿಯ 11ನೇ ಆವೃತ್ತಿಗೆ 2019ರಲ್ಲಿ ಒಪ್ಪಿಗೆ ಸಿಕ್ಕಿತು, 2022ರ ಜನವರಿಯಿಂದ ಜಾರಿಗೆ ಬಂತು. ಅದರಲ್ಲಿ 'ಗೇಮಿಂಗ್ ಡಿಸಾರ್ಡರ್' ಇದೆ. ಅದಕ್ಕೆ ಮೂರು ಗುರುತು. ಯಾವಾಗ ಶುರು, ಯಾವಾಗ ನಿಲ್ಲಿಸಬೇಕು ಅನ್ನೋದು ಕೈತಪ್ಪಿರಬೇಕು. ಊಟ, ನಿದ್ದೆ, ಓದು, ಸಂಬಂಧ ಎಲ್ಲವನ್ನೂ ದಾಟಿ ಅದೇ ಮೊದಲಾಗಿರಬೇಕು. ಹಾನಿ ಕಣ್ಣಿಗೆ ಕಂಡರೂ ಮುಂದುವರಿಬೇಕು. ಇದರಿಂದ ಬದುಕು ನಿಜವಾಗಿ ಕೆಟ್ಟಿರಬೇಕು, ಸಾಮಾನ್ಯವಾಗಿ 12 ತಿಂಗಳು ಹೀಗೇ ನಡೆದಿರಬೇಕು. ತೀರಾ ಜೋರಾಗಿದ್ದರೆ ಮಾತ್ರ ಅಷ್ಟು ಕಾಯಬೇಕಿಲ್ಲ. ಇಡೀ ವ್ಯಾಖ್ಯೆಯಲ್ಲಿ ಇಷ್ಟು ತಾಸು ಅನ್ನೋ ಲೆಕ್ಕ ಎಲ್ಲೂ ಇಲ್ಲ. ರಜೆಯಲ್ಲಿ ಹುಡುಗರು ಜಾಸ್ತಿ ಆಡಿದರು ಅನ್ನೋ ಒಂದೇ ಕಾರಣಕ್ಕೆ ರೋಗ ಅನ್ನಬೇಡಿ ಅಂತಲೂ ಅವರೇ ಎಚ್ಚರಿಸಿದ್ದಾರೆ. ಜೂಜು ಆ ಪಟ್ಟಿಯಲ್ಲಿ ಚಟದ ರೋಗ ಅಂತ ಇದೆ. ರೀಲ್ಸಿಗೆ, ವಾಟ್ಸಾಪಿಗೆ, ಒಟ್ಟಾರೆ ಮೊಬೈಲಿಗೆ ಅಂತ ಬೇರೆ ರೋಗದ ಹೆಸರೇ ಇಲ್ಲ. ವಿದ್ವಾಂಸರು ಇನ್ನೂ ಜಗಳ ಆಡ್ತಿದ್ದಾರೆ, ಫೋನಿನ ಚಟ ಅನ್ನೋದು ಇದೆಯಾ, ಫೋನಿನೊಳಗಿನ ಯಾವುದೋ ಒಂದರ ಚಟವಾ ಅಂತ. ಬಾಟಲಿಯ ಚಟ ಅಂತ ಯಾರೂ ಅನ್ನಲ್ಲ ನೋಡ್ರಿ, ಅದರೊಳಗಿರೋದರ ಚಟ ಅಂತೀವಿ.

ಅಪೊಸ್ತಲನಾದ ಪೌಲನ ಮಾತು ಇಲ್ಲಿ ಸೇರಿಸಿಕೊಳ್ಳಿ. 1 ಕೊರಿಂಥ 6:12. ಕೊರಿಂಥದ ಯೌವನಸ್ಥರು ನಮ್ಮಂಗೇ ಪಟ್ಟಣದ ಹುಡುಗರು, ನಮಗೆ ಎಲ್ಲಕ್ಕೂ ಸ್ವಾತಂತ್ರ್ಯ ಇದೆ ಅಂತಿದ್ದರು. ಪೌಲ ಸ್ವಾತಂತ್ರ್ಯ ಇಲ್ಲ ಅನ್ನಲಿಲ್ಲ. ಎರಡು ಪ್ರಶ್ನೆ ಇಟ್ಟ. ಇದರಿಂದ ಲಾಭ ಇದೆಯಾ? ಇದು ನನ್ನ ಮೇಲೆ ದೊರೆತನ ಮಾಡ್ತಿದೆಯಾ? ಎಷ್ಟು ತಾಸು ಅಂತ ಅವನೂ ಕೇಳಲಿಲ್ಲ.

ಹಾಗಾದ್ರೆ ಆ ತಂದೆಗೆ ನಾನು ಏನು ಹೇಳಿದೆ? "ಅಪ್ಪಾಜಿ, ನಿಮ್ಮ ಮಗಳಿಗೆ ಬಿಡುಗಡೆ ಪ್ರಾರ್ಥನೆ ಬೇಕಾಗಿಲ್ಲ, ಒಂದು ಟೇಬಲ್ ಫ್ಯಾನು ಬೇಕು" ಅಂದೆ. ಆ ರೂಮಿನ ಬಿಸಿ ನೀವು ನೋಡಬೇಕಿತ್ತು. ನಮ್ಮ ಭಾಗದ ಮಕ್ಕಳಿಗೆ 371(ಜೆ) ಮೀಸಲಾತಿಯ ಬಾಗಿಲು ತೆರೆದಿದೆ, ಆ ಬಾಗಿಲಿಗೆ ಹೋಗೋ ದಾರಿ ಬಹಳ ಮಕ್ಕಳಿಗೆ ಇವತ್ತು ಐದು ಇಂಚಿನ ಪರದೆಯೊಳಗೆ ಹೋಗ್ತದೆ. ಆಕೆ ಕಣ್ಣಿಗೆ ವಿಶ್ರಾಂತಿ ಕೊಡಬೇಕು, ರಾತ್ರಿ ನಿದ್ದೆ ಮಾಡಬೇಕು, ಅಷ್ಟೇ. ಆಕೆ ಶುದ್ಧಳು. ಆಮೆನ್ ಅಂತೀರೇನ್ರಿ?

ಇದೇ ಸಾಲಿನಲ್ಲಿ ಇನ್ನೊಬ್ಬರನ್ನೂ ಸೇರಿಸ್ತೀನಿ. ಗುಳೆ ಹೋದ ಅಪ್ಪಂದಿರು ರಾತ್ರಿ ಒಂದು ತಾಸು ವಿಡಿಯೋ ಕಾಲಿನಲ್ಲಿ ಮಗುವಿನ ಮುಖ ನೋಡ್ತಾ ಕೂರ್ತಾರಲ್ಲ, ಅದಕ್ಕೆ ಚಟ ಅನ್ನಬ್ಯಾಡ್ರಿ.

ಅಜ್ಜಿಯ ಮೊಮ್ಮಗನ ವಿಷಯ ಹಗುರವಲ್ಲ. ನಾನು ಹೋಗೋದಕ್ಕಿಂತ ಮುಂಚೆಯೇ ಒಂದು ಕೂಟದಲ್ಲಿ ಯಾರೋ ಸೇವಕರು ಇದು ದುರಾತ್ಮ ಅಂತ ಹೇಳಿ, ಎಲ್ಲರ ಮುಂದೆ ಅವನ ಕೈಯಿಂದಲೇ ಫೋನು ಒಡೆಸಿದ್ದರು. ಜನ ಚಪ್ಪಾಳೆ ಹೊಡೆದರಂತೆ. ಎರಡು ದಿನ ಹುಡುಗ ಊಟ ಬಿಟ್ಟ. ಮೂರನೇ ದಿನ ತಟ್ಟೆ ಎಸೆದ, ಅಜ್ಜಿಯ ಮೇಲೆ ಕೈ ಎತ್ತಿದ. ಹನ್ನೊಂದನೇ ದಿನಕ್ಕೆ ಗೆಳೆಯನ ಫೋನು ಹಿಡಿದು ಹೊಲದ ಬಂಡಿ ಕೆಳಗೆ ಕೂತಿದ್ದ. ಫೋನು ಒಡೆಸಿದವರು ಮತ್ತೆ ಆ ಮನೆಗೆ ಬಂದಿಲ್ಲ.

ನಾನು ಪೆಂಟೆಕೋಸ್ಟ್ ವಿಶ್ವಾಸಿ. ಯೇಸುವಿನ ನಾಮದಲ್ಲಿ ದುರಾತ್ಮಗಳು ಬಿಟ್ಟು ಹೋಗ್ತವೆ ಅಂತ ನಂಬ್ತೀನಿ, ಕಣ್ಣಾರೆ ಕಂಡಿದ್ದೀನಿ. ಆದರೆ ನೋಡದೆ ಹೆಸರಿಡೋ ಅಧಿಕಾರ ಯಾಜಕನಿಗೂ ಇರಲಿಲ್ಲ. ನಾನು ಆ ಹುಡುಗನ ಪಕ್ಕ ಕೂತು, "ಆ ಆಟದಾಗ ನಿನ್ನ ಟೀಮಿನಾಗ ಯಾರ್ಯಾರು ಅದಾರ?" ಅಂತ ಕೇಳಿದೆ. ಮುಖ ಅರಳಿತು. ನಾಲ್ಕು ಹೆಸರು ಹೇಳಿದ, ಒಬ್ಬ ಸಿಂಧನೂರಿನವನು, ಒಬ್ಬ ಕರ್ನೂಲಿನವನು. "ನಾನು ಆಫ್‌ಲೈನ್ ಇದ್ರ ಅವರು ಕೇಳ್ತಾರ ಅಣ್ಣ, ಎಲ್ಲಿ ಹೋಗಿದ್ದಿ ಅಂತ." ಎಲ್ಲಿ ಹೋಗಿದ್ದಿ ಅಂತ ಕೇಳೋ ಇನ್ನೊಬ್ಬರು ಅವನ ದಿನದಲ್ಲಿ ಇರಲಿಲ್ಲ. ಅಜ್ಜಿ ಕೂಲಿಗೆ ಹೋಗ್ತಾಳೆ.

ಆದರೂ ಮೂರೂ ಗುರುತು ಅವನಲ್ಲಿ ಕಾಣ್ತಿದ್ದವು. ಶಾಲೆ ಹೋಯಿತು, ನಿದ್ದೆ ಹೋಯಿತು, ಅಜ್ಜಿಯ ಕಣ್ಣೀರು ಕಂಡೂ ನಿಲ್ಲಲಿಲ್ಲ. ಹೆಸರಿಡೋದು ನನ್ನ ಕೆಲಸ ಅಲ್ಲ. ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದ್ವಿ. ಅವರು ಫೋನು ಪೂರ್ತಿ ಕಿತ್ತುಕೊಳ್ಳಿ ಅನ್ನಲಿಲ್ಲ. ರಾತ್ರಿ ಒಂಬತ್ತಕ್ಕೆ ಫೋನು ಪಕ್ಕದ ಮನೆಯಲ್ಲಿ, ದಿನಾ ಸಂಜೆ ಏಳಕ್ಕೆ ಬೆಂಗಳೂರಿನಿಂದ ತಾಯಿಯ ವಿಡಿಯೋ ಕಾಲು, ಶಾಲೆಯ ಮೇಷ್ಟ್ರ ಜೊತೆ ಒಂದು ಮಾತು. ನಮ್ಮ ದೇವದುರ್ಗದ ಇಬ್ಬರು ತಮ್ಮಂದಿರು ಸಂಜೆ ಅವನನ್ನು ವಾಲಿಬಾಲಿಗೆ ಕರೆದುಕೊಂಡು ಹೋಗ್ತಾರೆ. ಈಗ ಆಟ ನಿಂತಿಲ್ಲ. ಶಾಲೆಗೆ ವಾರಕ್ಕೆ ನಾಲ್ಕು ದಿನ ಹೋಗ್ತಾನೆ.

ನಗರದ ಸಹೋದರಿಯ ಮನೆಗೆ ನನ್ನ ಹೆಂಡತಿಯೂ ಬಂದಿದ್ದಳು, ಅವಳೇ ಮಾತಾಡಿದಳು. ಏಳು ತಿಂಗಳು ತುಂಬಿದ ಮಗು ಹೊಟ್ಟೆಯಲ್ಲೇ ಹೋಗಿತ್ತು. ಮನೆಯಲ್ಲಿ ಆ ವಿಷಯ ಎತ್ತಬಾರದು ಅಂತ ಎಲ್ಲರೂ ತೀರ್ಮಾನ ಮಾಡಿದ್ದರು, ಆಕೆಯನ್ನು ಕೇಳದೇ. ರಾತ್ರಿ ಎಚ್ಚರಾದರೆ ಕೋಣೆ ತುಂಬ ಮೌನ. ಆ ಮೌನಕ್ಕೆ ಆಕೆ ಇಟ್ಟುಕೊಂಡ ಸದ್ದು ರೀಲ್ಸು. ಗಂಡ ಫೋನು ಕಿತ್ತುಕೊಂಡರೆ ಏನಾಗ್ತದೆ? ಗಾಯದ ಮೇಲಿನ ಬಟ್ಟೆ ಕಿತ್ತಂಗ. ರಕ್ತ ಬರ್ತದೆ. ಖಿನ್ನತೆ, ಆತಂಕ ಇರುವವರು ಫೋನಿನಲ್ಲಿ ಮುಳುಗೋದು ಬಹಳ ಕಡೆ ಕಂಡುಬಂದ ವಿಷಯ. ಅಂಥವರಿಗೆ ಮೊದಲು ಒಳಗಿನ ನೋವಿಗೆ ಆರೈಕೆ ಬೇಕು.

ಹಾಗಂತ ರೀಲ್ಸನ್ನು ಮಾಡಿದವರು ಅಮಾಯಕರು ಅಂತಲ್ಲ. ಪುಸ್ತಕಕ್ಕೆ ಕೊನೆ ಹಾಳೆ ಇದೆ, ಈ ಪರದೆಗೆ ಕೊನೆ ಇಲ್ಲ. ಕೆಳಗೆ ಎಳೆದಷ್ಟೂ ಬರೋ ಈ ವಿನ್ಯಾಸವನ್ನು 2006ರಲ್ಲಿ ಮಾಡಿದ ಏಜಾ ರಾಸ್ಕಿನ್ ಅನ್ನೋರೇ ಆಮೇಲೆ ಅದರ ಬಗ್ಗೆ ಪಶ್ಚಾತ್ತಾಪದ ಮಾತಾಡಿದ್ದಾರೆ. ಹತ್ತರಲ್ಲಿ ಒಂಬತ್ತು ಸಪ್ಪೆ, ಒಂದು ಸಿಹಿ, ಯಾವುದು ಸಿಹಿ ಅಂತ ಗೊತ್ತಿಲ್ಲ. ಅದಕ್ಕೇ ಬೆರಳು ನಿಲ್ಲಲ್ಲ. ಸ್ಕಿನ್ನರ್ ಅನ್ನೋ ವಿಜ್ಞಾನಿ ಪಾರಿವಾಳಗಳ ಮೇಲೆ ಇದನ್ನೇ ತೋರಿಸಿದ. ಕುಟುಕಿದಾಗಲೆಲ್ಲ ಕಾಳು ಸಿಕ್ಕರೆ ಪಕ್ಷಿ ಹೊಟ್ಟೆ ತುಂಬಿದ ಮೇಲೆ ಸುಮ್ಮನಾಗ್ತದೆ. ಒಮ್ಮೆ ಸಿಕ್ಕು ಒಮ್ಮೆ ಸಿಗದಿದ್ದರೆ ಬಿಡದೆ ಕುಟುಕ್ತಾನೇ ಇರ್ತದೆ.

ಈಗ ಮಾನ್ವಿಗೆ ಬರ್ತೀನಿ. ಸ್ವಲ್ಪ ಗಮನ ಕೊಡಿ, ಹಿಂದೆ ಕೂತವರು ಮಾತು ನಿಲ್ಲಿಸಿ.

ನಮ್ಮ ಜಿಲ್ಲೆಗೆ ಜೂಜು ಹೊಸದಲ್ಲ. ಇಸ್ಪೀಟು ಇತ್ತು, ಓಸಿ ಮಟಕಾ ಇತ್ತು. ಆದರೆ ಮಟಕಾ ಚೀಟಿ ಬರೆಯೋನು ಒಂದು ಗಲ್ಲಿಯಲ್ಲಿ ಕೂರ್ತಿದ್ದ. ಅಲ್ಲಿಗೆ ನಡೆದು ಹೋಗಬೇಕಿತ್ತು, ದಾರಿಯಲ್ಲಿ ಸಭೆಯ ಹಿರಿಯರು ಎದುರಾದರೆ ನಾಚಿಕೆ ಆಗ್ತಿತ್ತು. ಈಗ ಚೀಟಿ ಬರೆಯೋನು ಕಿಸೆಯಲ್ಲೇ ಇದ್ದಾನೆ, ನಾಚಿಕೆಗೆ ದಾರಿಯೇ ಉಳಿದಿಲ್ಲ. ಈ ತಮ್ಮ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೀತಾನೆ, ಮನೆಗೆ ಕಾಲುವೆ ನೀರಿನ ಎರಡು ಎಕರೆ ಭತ್ತದ ಗದ್ದೆ ಇದೆ. ಕ್ರಿಕೆಟ್ ಪಂದ್ಯದ ನಡುವೆ ಬಂದ ಜಾಹೀರಾತು ನೋಡಿ 50 ರೂಪಾಯಿ ಹಾಕಿ ರಮ್ಮಿ ಆಡಿದ. ಮೊದಲ ವಾರ 1,800 ಬಂತು. ಆ 1,800 ಅವನ ಬದುಕನ್ನು ತಿಂದಿತು. ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ, ಅಷ್ಟೇ ಆಟ. ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. ಒಂದು ಬೆಳೆಯ ಭತ್ತದ ದುಡ್ಡು ಹೋಯಿತು. ಎರಡನೇ ಬೆಳೆಯದೂ ಹೋಯಿತು. ಹೆಂಡತಿಯ ಕಿವಿಯೋಲೆ ಅಡವಿಟ್ಟ. ಆಮೇಲೆ ಸಾಲದ ಆ್ಯಪು. ಅವರು ಅವನ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಕಾಲು ಮಾಡಿ ಬೈದರು, ಮಾವನ ಮನೆಗೂ ಬೈದರು. ಇಷ್ಟೆಲ್ಲ ಆಗ್ತಿರೋವಾಗಲೂ ಭಾನುವಾರ ಬಂದು ಕೀಬೋರ್ಡ್ ನುಡಿಸ್ತಿದ್ದ.

ಒಂದು ದಿನ ಫೋನು ಸ್ವಿಚ್ ಆಫ್ ಮಾಡಿ ಮನೆ ಬಿಟ್ಟ. ಎರಡು ದಿನ ಹುಡುಕಿದ್ವಿ. ರಾಯಚೂರು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕೂತಿದ್ದ. "ನಾನಿಲ್ಲದಿದ್ರ ಎಲ್ಲರ ಕಾಟ ತಪ್ತದ ಅನಿಸಿತ್ತು ಅಣ್ಣ" ಅಂದ. ಜೇಬಿನಲ್ಲಿ ಚಹಾಕ್ಕೂ ದುಡ್ಡಿರಲಿಲ್ಲ.

ಪ್ರಿಯರೇ, ಇದು ಚರ್ಮಕ್ಕಿಂತ ಆಳಕ್ಕೆ ಇಳಿದ ಮಚ್ಚೆ. ದಿನಕ್ಕೆ ಇಪ್ಪತ್ತು ನಿಮಿಷದ್ದು.

ಕಾನೂನಿನ ವಿಷಯವೂ ಹೇಳಬೇಕು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣದ ಆನ್‌ಲೈನ್ ಆಟ ನಿಷೇಧಿಸಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗ ರದ್ದು ಮಾಡಿತು. ಆಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯ್ದೆ ಮಾಡಿ ಹಣ ಕಟ್ಟಿ ಆಡೋ ಆಟಗಳನ್ನು ನಿಷೇಧಿಸಿತು. ಆಡಿಸುವವರಿಗೆ ಶಿಕ್ಷೆ, ಆಡಿ ಸೋತವನಿಗಲ್ಲ. ಆಗ ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು. ನಮ್ಮ ತಮ್ಮ ಎರಡು ವಾರ ಖುಷಿಯಾಗಿದ್ದ, ದೇವರೇ ಬಾಗಿಲು ಮುಚ್ಚಿದ ಅಂತ ಸಾಕ್ಷಿ ಹೇಳೋಕೂ ತಯಾರಾಗಿದ್ದ. ಮೂರನೇ ವಾರ ಒಂದು ಟೆಲಿಗ್ರಾಂ ಗುಂಪಿನಲ್ಲಿ ಯಾರೋ ಲಿಂಕ್ ಹಾಕಿದರು. ಯಂಗ್ ಅವರು ಪ್ರಶ್ನೆಗಳನ್ನು ಜೂಜಿನ ಪಟ್ಟಿಯಿಂದ ಯಾಕೆ ತಗೊಂಡರು ಅಂತ ಈಗ ಅರ್ಥ ಆಯಿತೇನ್ರಿ? ಪರದೆ ಬದಲಾದರೂ ಒಳಗಿನ ಹಸಿವು ಅದೇ.

ಈಗ ಅವನು ರಿಮ್ಸ್‌ನ ಮನೋವೈದ್ಯಕೀಯ ವಿಭಾಗಕ್ಕೆ ಹೋಗ್ತಾನೆ, ಹೆಂಡತಿ ಜೊತೆಗೆ ಹೋಗ್ತಾಳೆ. ಸಂಬಳ ಆಕೆಯ ಖಾತೆಗೆ ಬರ್ತದೆ. ಕೈಯಲ್ಲಿ ಕೀಪ್ಯಾಡ್ ಫೋನು. ಯಾರಿಗೆ ಎಷ್ಟು ಕೊಡಬೇಕು ಅನ್ನೋದನ್ನು ಒಂದು ಹಾಳೆಯಲ್ಲಿ ಬರೆದು ಅಣ್ಣತಮ್ಮಂದಿರ ಮುಂದೆ ಇಟ್ಟ. ಅದಕ್ಕೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಧೈರ್ಯ ಬೇಕಾಯಿತು. ಯಾಕೋಬ 5:16ರಲ್ಲಿ ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿ ಅಂತ ಇರೋದು ಪಾಸ್ಟರ್‌ಗೆ ಮಾತ್ರ ಅಂತಲ್ಲ. ಕೀಬೋರ್ಡು ಅವನಿಂದ ತಗೋಬೇಕು ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಪಾಳೆಯದ ಹೊರಗೆ ಕಳಿಸೋಕೆ ಆತುರ ಯಾಕ್ರಿ?

ಆಸ್ಪತ್ರೆಗೆ ಹೋದರೆ ವಿಶ್ವಾಸ ಕಡಿಮೆ ಆಯಿತು ಅನ್ನೋರು ಮಾರ್ಕ 1ನೇ ಅಧ್ಯಾಯದ ಕೊನೆ ಓದಿ. ಕುಷ್ಠ ಬಂದವನು ಬಂದ, ಯಾರೂ ಮುಟ್ಟದವನನ್ನು ಕರ್ತನು ಮುಟ್ಟಿದ, ಕೂಡಲೇ ವಾಸಿಯಾಯಿತು. ಆಮೇಲೆ ಕರ್ತನು ಏನಂದ? ಹೋಗಿ ಯಾಜಕನಿಗೆ ನಿನ್ನನ್ನು ತೋರಿಸು ಅಂದ. ಗುಣಪಡಿಸಿದವನೇ ಪರೀಕ್ಷೆ ಮಾಡುವವನ ಹತ್ತಿರ ಕಳಿಸಿದ. ಪೌಲನ ಜೊತೆಯಲ್ಲಿದ್ದ ಲೂಕ ವೈದ್ಯ, ಕೊಲೊಸ್ಸೆ 4:14. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಮನೋಜ್ ಕುಮಾರ್ ಶರ್ಮಾ ಅವರು 2014ರಿಂದ ಇದಕ್ಕೇ ಒಂದು ಕ್ಲಿನಿಕ್ ನಡೆಸ್ತಿದ್ದಾರೆ, 'ಶಟ್ ಕ್ಲಿನಿಕ್' ಅಂತಾರೆ. ಅದರ ಪೂರ್ತಿ ಹೆಸರಿನ ಅರ್ಥ ತಂತ್ರಜ್ಞಾನದ ಆರೋಗ್ಯಕರ ಬಳಕೆಗೆ ಸೇವೆ ಅಂತ. ಬಿಟ್ಟುಬಿಡು ಅಂತಲ್ಲ, ಸರಿಯಾಗಿ ಬಳಸು ಅಂತ. ಅಷ್ಟು ದೂರ ಹೋಗಬೇಕಿಲ್ಲ ಕೂಡ. ಮಾನಸಿಕ ಆರೋಗ್ಯವನ್ನು ಊರಿನ ಆಸ್ಪತ್ರೆಗೇ ತರೋ ಪ್ರಯೋಗವನ್ನು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ನೋಡಿದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ. ಅದೇ ಮಾದರಿ ದೇಶಕ್ಕೆಲ್ಲ ಹೋಯಿತು.

ಅಶ್ಲೀಲ ವಿಡಿಯೋ ಬಗ್ಗೆ ಯಾಕೆ ಮಾತಾಡಲಿಲ್ಲ ಅಂತ ಕೆಲವರು ಒಳಗೊಳಗೇ ಕಾಯ್ತಿದ್ದೀರಿ. ಅದು ಪಾಪ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಪಾಪ ಅನ್ನೋದು ಬೇರೆ ಮಾತು, ರೋಗ ಅನ್ನೋದು ಬೇರೆ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಹತೋಟಿ ತಪ್ಪಿದ ಲೈಂಗಿಕ ನಡತೆಗೆ ಒಂದು ಹೆಸರಿದೆ, ಆದರೆ ಬರೀ ನೈತಿಕ ಅಪರಾಧಭಾವದಿಂದ ಬರೋ ಸಂಕಟ ಆ ಹೆಸರಿಗೆ ಸಾಲದು ಅಂತ ಅಲ್ಲೇ ಬರೆದಿದೆ. ಎರಡು ಸಲ ಬಿದ್ದು ಅತ್ತು ನನ್ನ ಹತ್ತಿರ ಬಂದು "ಅಣ್ಣ, ನಾನು ಅಡಿಕ್ಟ್" ಅನ್ನೋ ತಮ್ಮನಿಗೆ ನಾನು ಹೇಳೋದು: ನೀನು ಅಡಿಕ್ಟ್ ಅಲ್ಲ, ನಿನಗೆ ಕ್ಷಮೆ ಬೇಕು, ಕ್ಷಮೆ ಇದೆ, 1 ಯೋಹಾನ 1:9ಕ್ಕೆ ಹೋಗು. ನಿಲ್ಲಿಸೋಕೆ ವರ್ಷಗಟ್ಟಲೆ ಒದ್ದಾಡಿ ಕೆಲಸ, ಮದುವೆ ಎಲ್ಲ ಮುರಿದುಕೊಳ್ತಿರೋ ಅಣ್ಣನಿಗೆ ಕ್ಷಮೆಯೂ ಬೇಕು, ವೈದ್ಯರೂ ಬೇಕು. ಇಬ್ಬರಿಗೂ ಒಂದೇ ಚೀಟಿ ಅಂಟಿಸಿದರೆ ಮೊದಲನೆಯವನು ಸುಳ್ಳು ಭಾರ ಹೊರ್ತಾನೆ, ಎರಡನೆಯವನಿಗೆ ಸಹಾಯ ಸಿಗಲ್ಲ.

ತಂದೆ ತಾಯಂದಿರಿಗೆ ಒಂದೇ ಮಾತು. 14ನೇ ಅಧ್ಯಾಯದಲ್ಲಿ ಮನೆಯ ಗೋಡೆಗೇ ಮಚ್ಚೆ ಬರೋ ವಿಷಯ ಇದೆ. ಆಗ ಮನೆಯ ಯಜಮಾನನೇ ಹೋಗಿ, ನನ್ನ ಮನೆಯಲ್ಲಿ ಏನೋ ಕಾಣ್ತಿದೆ ಅಂತ ಯಾಜಕನಿಗೆ ಹೇಳಬೇಕು. ಊಟದ ತಟ್ಟೆ ಮುಂದೆ ಅಪ್ಪನ ಫೋನಿನಲ್ಲಿ ನ್ಯೂಸು, ಅಮ್ಮನ ಫೋನಿನಲ್ಲಿ ಧಾರಾವಾಹಿ, ಮಗುವಿಗೆ ಮಾತ್ರ ಗದರಿಕೆ! ಕೆಲವು ಮನೆಗಳಲ್ಲಿ ಹುಡುಗನ ಕೈ ಅಲ್ಲ, ಗೋಡೆಯ ಕಲ್ಲು ಬದಲಿಸಬೇಕಾಗಿದೆ.

ಈ ವಾರ ಯಾರೂ ಆ್ಯಪ್ ಡಿಲೀಟ್ ಮಾಡಿ ನನಗೆ ಸ್ಕ್ರೀನ್‌ಶಾಟ್ ಕಳಿಸಬ್ಯಾಡ್ರಿ. ಏಳು ದಿನ ನೋಡ್ರಿ, ಯಾಜಕ ನೋಡಿದಂಗ. ಕೈ ಫೋನಿಗೆ ಹೋದಾಗ ಅದಕ್ಕಿಂತ ಒಂದು ನಿಮಿಷ ಮುಂಚೆ ಮನಸ್ಸಿನಲ್ಲಿ ಏನಿತ್ತು, ಬರೀರಿ. ಬೇಜಾರೋ, ಭಯವೋ, ಸಿಟ್ಟೋ, ಕೆಲಸವೋ. ನಿಲ್ಲಿಸಬೇಕು ಅಂತ ತೀರ್ಮಾನಿಸಿದ ಹೊತ್ತಿಗೆ ನಿಲ್ಲಿಸಿದಿರಾ, ಅದನ್ನೂ ಬರೀರಿ. ತಾಸಿನ ಲೆಕ್ಕ ಬೇಡ. ಬುಧವಾರದ ಕೂಟಕ್ಕೆ ಹಾಳೆ ತರ್ರಿ. ಅನುಮಾನ ಇದ್ದರೆ ಇನ್ನೂ ಏಳು ದಿನ.

ದುಡ್ಡಿನ ಆಟ, ಸಾಲದ ಆ್ಯಪು, ಬದುಕೇ ಬೇಡ ಅನ್ನೋ ಯೋಚನೆ, ಇವು ಇದ್ದವರು ಏಳು ದಿನ ಕಾಯಬ್ಯಾಡ್ರಿ. ಇವತ್ತೇ ಹೇಳ್ರಿ. ನನಗೆ ಹೇಳೋಕೆ ನಾಚಿಕೆಯಾದರೆ ಟೆಲಿ ಮಾನಸ್‌ಗೆ ಮಾಡ್ರಿ, 14416, ದುಡ್ಡು ತಗೊಳ್ಳಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಆನ್‌ಲೈನಿನಲ್ಲಿ ಮೋಸ ಹೋದವರು 1930ಕ್ಕೆ ಮಾಡ್ರಿ. ಎರಡೂ ನಂಬರು ಬಾಗಿಲ ಹತ್ತಿರ ಬರೆದು ಹಚ್ಚಿದ್ದೀವಿ.

ಪ್ರಾರ್ಥನೆಗೆ ಬರುವವರು ಎಡಗಡೆಯಿಂದ ಬರ್ರಿ. ದೇವದುರ್ಗ, ಮಾನ್ವಿಯವರಿಗೆ ಬಸ್ಸಿನ ಹೊತ್ತಾಯಿತು, ಮೊದಲು ಅವರಿಗೆ ಬಿಡ್ರಿ. ವಿಷಯ ಗುಟ್ಟಾಗಿ ಹೇಳಬೇಕು ಅನ್ನೋ ಸಹೋದರಿಯರು ಹಿಂದಿನ ಕೋಣೆಗೆ ಹೋಗ್ರಿ, ಅಲ್ಲಿ ನನ್ನ ಹೆಂಡತಿ ಮತ್ತು ಇಬ್ಬರು ಅಕ್ಕಂದಿರು ಕೂತಿದ್ದಾರೆ. ತಮ್ಮ, ನೀನು ಕೀಬೋರ್ಡ್ ಶುರು ಮಾಡು.